ಗಾಳಿಯಣ್ಣ ಹೊಡೆದ ತಗಡು

ಅವನ ನಿಜವಾದ ಹೆಸರು ಕರೆಂಟು ಬಿಲ್ಲಿನ ಮೇಲೆ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎಲ್ಲರ ಬಾಯಲ್ಲೂ ಅವನು ಗಾಳಿಯಣ್ಣ. ಆಫೀಸು, ಅಂಗಡಿ, ಕ್ಲಿನಿಕ್ಕುಗಳ ಏಸಿ ರಿಪೇರಿ ಮಾಡುತ್ತ ಇಪ್ಪತ್ತಾರು ವರ್ಷ ಕಳೆದಿದ್ದ. ಯಾವ ಕೋಣೆಗೆ ಕಾಲಿಟ್ಟರೂ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಸೂರಿನ ಕಡೆಗೆ, ಆಮೇಲೆ ಮನುಷ್ಯರ ಕಡೆಗೆ. "ಮದುವೆ ಮಾತುಕತೆಗೆ ಕರಕೊಂಡು ಹೋದಾಗಲೂ ಅವರ ಮನೆ ಫ್ಯಾನ್ ನೋಡ್ತಾ ಕೂತಿದ್ದ. ಹುಡುಗಿ ಮುಖ ನೋಡಿದ್ದರೆ ಇವತ್ತು ಇವನಿಗೆ ಅನ್ನ ಹಾಕೋ ಕೆಲಸ ನನಗೆ ತಪ್ತಿತ್ತು" ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಅಕ್ಕ ಅವನಿಗಿಂತ ಹನ್ನೊಂದು ವರ್ಷಕ್ಕೆ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ನಾಲ್ಕು. ಅಂದಿನಿಂದ ಅವಳೇ ತಾಯಿ. ತಮ್ಮನನ್ನು ಸಾಕಬೇಕೆಂದು ನೂಲಿನ ಗಿರಣಿಗೆ ಸೇರಿದವಳು ಇಪ್ಪತ್ತೆರಡು ವರ್ಷ ಅಲ್ಲೇ ದುಡಿದಳು. ಮೂಗಿಗೆ ಕಟ್ಟಿಕೊಳ್ಳಲು ಗಿರಣಿಯವರು ಕೊಟ್ಟ ಬಟ್ಟೆಯನ್ನು ಹೆಂಗಸರೆಲ್ಲ ತಲೆಗೆ ಸುತ್ತಿಕೊಳ್ಳುತ್ತಿದ್ದರು. ಹತ್ತಿಯ ಎಳೆ ಕಣ್ಣಿಗೆ ಕಾಣುವಂಥದ್ದು, ಅದರಿಂದ ಏನಾದೀತು ಎಂಬ ಧೈರ್ಯ. ಐವತ್ತು ತುಂಬುವ ಹೊತ್ತಿಗೆ ಅಕ್ಕನ ಎದೆಯೊಳಗೆ ಹಳೇ ಬಾಗಿಲು ತೆಗೆದ ಹಾಗೆ ಸದ್ದು ಬರತೊಡಗಿತು. ಈಗ ಅವಳ ಸೆರಗಿನಲ್ಲಿ ಸದಾ ಉಸಿರಿನ ಔಷಧಿಯ ಒಂದು ಪಂಪು. ಮೆಟ್ಟಿಲು ಹತ್ತಿದರೆ ಒಮ್ಮೆ ಎಳೆದುಕೊಳ್ಳಬೇಕು, ನಕ್ಕರೂ ಒಮ್ಮೆ ಎಳೆದುಕೊಳ್ಳಬೇಕು.

ಉಸಿರಿನ ರೋಗ ಊರೂರು ಸುತ್ತಿದ ಆ ವರ್ಷ ಮೊದಲ ಕೆಲವು ತಿಂಗಳು ಆಫೀಸುಗಳಿಗೆ ಬೀಗ ಬಿದ್ದಿತ್ತು. ಅಕ್ಕ ತಮ್ಮ ಇಬ್ಬರೂ ಎರಡು ಕೋಣೆಯ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂತರು. ಆಮೇಲೆ ಒಂದೊಂದೇ ಬಾಗಿಲು ತೆರೆದವು. ಬಾಗಿಲು ತೆರೆದದ್ದೇ ತಡ, ಏಸಿಗಳು ಕೆಟ್ಟವು. ತಿಂಗಳುಗಟ್ಟಲೆ ನಿಂತ ಯಂತ್ರ ಮುನಿಸಿಕೊಳ್ಳದೆ ಇದ್ದೀತೇ? ಗಾಳಿಯಣ್ಣನ ಫೋನು ಬಿಡುವಿಲ್ಲದೆ ಹೊಡೆದುಕೊಂಡಿತು.

ಹೀಗೆ ಕರೆ ಬಂದ ಜಾಗಗಳಲ್ಲೊಂದು, ನೀರು ಸರಬರಾಜಿನ ದೂರುಗಳನ್ನು ಫೋನಿನಲ್ಲಿ ಕೇಳಿಸಿಕೊಳ್ಳುವ ಆಫೀಸು. ಮೂರನೇ ಮಹಡಿಯಲ್ಲಿ ರೈಲು ಡಬ್ಬಿಯಂಥ ಒಂದು ಉದ್ದನೆ ಕೋಣೆ. ಕಿಟಕಿಗಳಿಗೆ ತೆರೆಯಲಾಗದ ಗಾಜು. ನಾಲ್ಕು ಸಾಲಿನಲ್ಲಿ ಮೂವತ್ತೆಂಟು ಜನಕ್ಕೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆವರೆಗೆ ಮಾತಾಡುವುದೇ ಕೆಲಸ. ಕೋಣೆಯ ಒಂದು ತುದಿಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಇನ್ನೊಂದು ತುದಿಯ ಸೂರಿನಲ್ಲಿದ್ದ ಜಾಲರಿ ಆ ಗಾಳಿಯನ್ನೇ ಮತ್ತೆ ಎಳೆದುಕೊಂಡು, ತಣ್ಣಗೆ ಮಾಡಿ, ಸೂರಿನ ಕೊಳವೆಯೊಳಗಿಂದ ಮೊದಲಿನ ತುದಿಗೆ ಕಳಿಸುತ್ತಿತ್ತು. ಜಾಲರಿಯ ಕೆಳಗೆ, ಸೂರಿಗೆ ತಾಗದ ಗಾಜಿನ ಗೋಡೆ ಕಟ್ಟಿದ ಒಂದು ಪುಟ್ಟ ಕೋಣೆ. ಅದರಲ್ಲಿ ಕೂರುತ್ತಿದ್ದವರು ಮೇಲ್ವಿಚಾರಕಿ. ಆಫೀಸಿಗೆಲ್ಲ ಅವರು ದೊಡ್ಡಮ್ಮ.

ದೊಡ್ಡಮ್ಮ ಎಂದರೆ ಹೆಸರಿಗೆ ತಕ್ಕ ದೊಡ್ಡಸ್ತಿಕೆ. ಏಣಿ ಹತ್ತಿದವನಿಗೆ ಟೀ ಕೊಡಿಸದೆ ಇಳಿಸುತ್ತಿರಲಿಲ್ಲ. ಸ್ವಚ್ಛತೆಯಲ್ಲಿ ಮಾತ್ರ ಬಲು ಕಟ್ಟುನಿಟ್ಟು. ಅವತ್ತು ಗಾಳಿಯಣ್ಣ ಏಣಿ ತಂದು ಒರಗಿಸಿದ ಕೂಡಲೆ ಬಾಟಲಿ ಹಿಡಿದು ಬಂದು ಏಣಿಯ ಒಂದೊಂದು ಮೆಟ್ಟಿಲಿಗೂ ದ್ರಾವಣ ಹೊಡೆದು ಒರೆಸಿದರು.

"ತಪ್ಪು ತಿಳ್ಕೋಬೇಡಪ್ಪ. ನಿನ್ನ ಏಣಿ ಎಲ್ಲೆಲ್ಲಿ ಹೋಗಿ ಬಂದಿರುತ್ತೋ."

"ಏಣಿ ಮಡಿವಂತ ಆಗ್ಬಿಡ್ತು ದೊಡ್ಡಮ್ಮ, ಇನ್ನು ನನ್ನನ್ನೇ ಹತ್ತಿಸಲ್ಲ ಅನ್ನುತ್ತೆ."

ಅವರು ನಕ್ಕು ಒಳಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಫೋನು ಬಂತು. ಮಾಸ್ಕನ್ನು ಗಲ್ಲಕ್ಕೆ ಇಳಿಸಿ ಮಾತಾಡತೊಡಗಿದರು. ಹೊರಗೆ ಸಾಲುಗಳಲ್ಲೂ ಅದೇ ಕಥೆ. ಮಾಸ್ಕು ಎಲ್ಲರಿಗೂ ಇತ್ತು, ಆದರೆ ಬಟ್ಟೆ ಅಡ್ಡ ಇದ್ದರೆ ಆಚೆಯವರಿಗೆ ಮಾತು ತಿಳಿಯುವುದಿಲ್ಲವೆಂದು ಯಾರ ಮಾಸ್ಕೂ ಮೂಗಿನ ಮೇಲೆ ಇರಲಿಲ್ಲ. ನೆಲದ ಮೇಲೆ ಹಳದಿ ಗೆರೆ ಎಳೆದು ಕುರ್ಚಿಗಳನ್ನು ದೂರ ದೂರ ಇಟ್ಟಿದ್ದರು. ಅಷ್ಟು ಸಾಕು ಎಂದುಕೊಂಡಿದ್ದರು.

ಎಲ್ಲರ ದನಿಗಿಂತ ಒಂದು ದನಿ ಮೇಲಿತ್ತು. ಮೊದಲ ಸಾಲಿನ ಆ ಎಳೆಯ ನೌಕರನಿಗೆ ಆಫೀಸಿನವರು ಇಟ್ಟ ಹೆಸರು ರೇಡಿಯೋ. ಅವನು ಪಿಸುಗುಟ್ಟಿದರೆ ಎರಡನೇ ಮಹಡಿಗೆ ಕೇಳುತ್ತದೆ ಎಂದು ತಮಾಷೆ. ಅವತ್ತು ಅವನು ನಡುನಡುವೆ ಕೆಮ್ಮುತ್ತಿದ್ದ.

"ಏನೋ ರೇಡಿಯೋ, ಸ್ಟೇಷನ್ ಸರಿಯಾಗಿ ಸಿಗ್ತಿಲ್ವಾ?" ಎಂದು ಗಾಳಿಯಣ್ಣ ಏಣಿಯ ಮೇಲಿನಿಂದಲೇ ಕೇಳಿದ.

"ಧೂಳು ಕಣಣ್ಣ. ನೀನು ಆ ಫಿಲ್ಟರು ತೊಳೆದರೆ ಸರಿಹೋಗುತ್ತೆ."

ಫಿಲ್ಟರುಗಳ ಮೇಲೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಅವನ್ನು ಬಿಚ್ಚಿ, ತೊಳೆದು, ಮತ್ತೆ ಕೂರಿಸಲು ಎರಡು ಗಂಟೆ ಹಿಡಿಯಿತು. ಬೆವರಿಗೆ ಮಾಸ್ಕು ಒದ್ದೆಯಾಗಿ ಮೂಗಿಗೆ ಅಂಟಿತು. ಅರ್ಧ ಗಂಟೆ ಸಹಿಸಿದ, ಆಮೇಲೆ ಕುತ್ತಿಗೆಗೆ ಎಳೆದುಕೊಂಡ. ಇಡೀ ಕೋಣೆಯ ಗಾಳಿ ಬಂದು ಸೇರುವ ಜಾಲರಿಗೆ ಮುಖ ಕೊಟ್ಟು, ಬಾಯಿ ತೆರೆದು ಏದುಸಿರು ಬಿಡುತ್ತ ಕೆಲಸ ಮುಗಿಸಿದ. ದೊಡ್ಡಮ್ಮ ಕೊಡಿಸಿದ ಟೀ ಕುಡಿದು ಮನೆಗೆ ಹೋದ.

ನಾಲ್ಕನೆಯ ದಿನ ಬೆಳಿಗ್ಗೆ ಅಕ್ಕನ ಎದುರು ಕೂತು ತಿಂಡಿ ತಿನ್ನುತ್ತಿದ್ದಾಗ ಆ ಆಫೀಸಿನ ಕಾವಲುಗಾರನ ಫೋನು ಬಂತು.

"ಗಾಳಿಯಣ್ಣ, ಹುಷಾರಾಗಿದ್ದೀಯಾ? ರೇಡಿಯೋಗೆ ಆ ರೋಗವಂತೆ. ಇನ್ನೂ ಒಂಬತ್ತು ಜನಕ್ಕೆ ಜ್ವರ. ದೊಡ್ಡಮ್ಮನೂ ಮಲಗಿದ್ದಾರೆ."

"ದೊಡ್ಡಮ್ಮನಾ? ಅವರು ಅವನ ಹತ್ತಿರಕ್ಕೂ ಹೋಗಿಲ್ಲವಲ್ಲ."

"ಅದೇ ಎಲ್ಲರಿಗೂ ಆಶ್ಚರ್ಯ. ಕೈ ತೊಳೆದೂ ತೊಳೆದೂ ಚರ್ಮ ಸುಲಿದಿತ್ತು ಅವರದು."

ಗಾಳಿಯಣ್ಣ ತುತ್ತನ್ನು ತಟ್ಟೆಗೆ ಬಿಟ್ಟ. ಒಂದು ಗೇಣು ದೂರದಲ್ಲಿ ಅಕ್ಕ ಲೋಟಕ್ಕೆ ನೀರು ಸುರಿಯುತ್ತಿದ್ದಳು. ಮೂರು ದಿನದಿಂದ ಒಂದೇ ಕೋಣೆಯಲ್ಲಿ ಕೂತು ಉಂಡಿದ್ದಾರೆ, ಮಾತಾಡಿದ್ದಾರೆ, ನಕ್ಕಿದ್ದಾರೆ. ಅವನು ಹಾವು ತುಳಿದವನ ಹಾಗೆ ಎದ್ದು ಗೋಡೆಗೆ ಆತುಕೊಂಡು ನಿಂತ.

"ಏನಾಯ್ತೋ?" ಎಂದಳು ಅಕ್ಕ. ಹಿಂದೆಯೇ ಕೆಮ್ಮಿದಳು.

ಆ ಕೆಮ್ಮನ್ನು ಅವನು ಹದಿನೈದು ವರ್ಷದಿಂದ ಕೇಳುತ್ತ ಬಂದಿದ್ದ. ಗಡಿಯಾರದ ಸದ್ದಿನ ಹಾಗೆ ಅದು ಕಿವಿಗೆ ಬೀಳುವುದೂ ನಿಂತುಹೋಗಿತ್ತು. ಅವತ್ತು ಮಾತ್ರ ಅವನು ಅದನ್ನು ಕಿವಿಗೊಟ್ಟು ಕೇಳಿದ. ಇದು ಹಳೇ ಕೆಮ್ಮೋ, ಹೊಸದೋ? ಹೇಗೆ ಗೊತ್ತುಮಾಡುವುದು?

ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಅವನು ಪ್ರತಿ ಬೇಸಿಗೆಗೆ ಏಸಿ ನೋಡಿಕೊಡುವ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಫೋನು ಮಾಡಿದ.

"ಡಾಕ್ಟರಮ್ಮ, ನಾನು ಯಾರನ್ನೂ ಮುಟ್ಟಿಲ್ಲ. ದೊಡ್ಡಮ್ಮನೂ ಮುಟ್ಟಿಲ್ಲ. ಹೇಗೆ ಬಂತು?"

"ಮುಟ್ಟಬೇಕಾಗಿಲ್ಲ. ಮಾತಾಡಿದರೆ ಸಾಕು, ಬರೀ ಉಸಿರಾಡಿದರೂ ಸಾಕು, ಬಾಯಿಂದ ಮೂಗಿಂದ ಸಣ್ಣ ಸಣ್ಣ ಹನಿ ಹೊರಗೆ ಬರ್ತಾವೆ. ದಪ್ಪ ಹನಿ ನೆಲಕ್ಕೆ ಬೀಳುತ್ತೆ. ಕಣ್ಣಿಗೆ ಕಾಣದಷ್ಟು ಸಣ್ಣವು ಸಿಗರೇಟಿನ ಹೊಗೆ ಥರ ತೇಲ್ತಾ ಇರ್ತಾವೆ. ಬಯಲಲ್ಲಾದರೆ ಚದುರಿ ಹೋಗ್ತಾವೆ. ಮುಚ್ಚಿದ ಕೋಣೇಲಿ ಎಲ್ಲಿ ಹೋಗ್ತಾವೆ ಹೇಳು? ಹೊತ್ತು ಕಳೆದ ಹಾಗೆಲ್ಲ ಸೇರ್ತಾ ಹೋಗ್ತಾವೆ. ಅಲ್ಲಿ ಹೊಸ ಗಾಳಿ ಬರೋಕೆ ದಾರಿ ಇದೆಯಾ?"

ಉತ್ತರ ಗಾಳಿಯಣ್ಣನಿಗೆ ಗೊತ್ತಿತ್ತು.

ಆ ಕೋಣೆಗೆ ಹೊರಗಿನ ಗಾಳಿ ಬರಲು ದಾರಿ ಇತ್ತು. ಗೋಡೆಯಲ್ಲಿ ಎರಡು ಮೊಳ ಅಗಲದ ಕಂಡಿ. ನಾಲ್ಕು ವರ್ಷದ ಹಿಂದೆ ಕಟ್ಟಡದ ಜನರೇಟರನ್ನು ಅದರ ಕೆಳಗೇ ತಂದಿಟ್ಟರು. ಕರೆಂಟು ಹೋದಾಗಲೆಲ್ಲ ಕೋಣೆ ತುಂಬ ಹೊಗೆ. "ತಲೆ ಸಿಡಿಯುತ್ತಪ್ಪ, ಆ ಕಂಡಿ ಮುಚ್ಚಿ ಪುಣ್ಯ ಕಟ್ಟಿಕೋ" ಎಂದು ಕೇಳಿದವರು ದೊಡ್ಡಮ್ಮನೇ. ಅವನು ಅಳತೆ ತೆಗೆದು, ತಗಡು ಕತ್ತರಿಸಿ, ಹನ್ನೆರಡು ಸ್ಕ್ರೂ ಹೊಡೆದು, ಸುತ್ತ ಅಂಟು ಬಳಿದು, ಒಂದು ಸೊಳ್ಳೆಯೂ ನುಸುಳದ ಹಾಗೆ ಮುಚ್ಚಿದ್ದ. ಅಚ್ಚುಕಟ್ಟಾದ ಕೆಲಸ ಎಂದು ಎಲ್ಲರೂ ಹೊಗಳಿದ್ದರು. ಅಲ್ಲಿಂದಾಚೆ ಮೂವತ್ತೆಂಟು ಜನ ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ತಣ್ಣಗೆ ಮಾಡಿಸಿಕೊಂಡು ಎಳೆದುಕೊಳ್ಳುತ್ತಿದ್ದರು. ಫಿಲ್ಟರು ಧೂಳು ಹಿಡಿದೀತು, ಇಂಥ ಸೂಕ್ಷ್ಮವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲವೆಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೊದಲ ಸಾಲಿನ ರೇಡಿಯೋ ಬಾಯಿಂದ ಹೊರಟದ್ದು ನಾಲ್ಕು ಸಾಲನ್ನೂ ಸವರಿಕೊಂಡು ಜಾಲರಿಯ ಕೆಳಗೆ ಬಂದು ಸೇರುತ್ತಿತ್ತು. ಅಲ್ಲಿ ಗಾಜಿನ ಮರೆಯಲ್ಲಿ, ನಾನು ಎಲ್ಲರಿಂದ ದೂರ ಇದ್ದೇನೆ ಎಂದು ದೊಡ್ಡಮ್ಮ ಕೂತಿದ್ದರು.

"ಕೇಳ್ತಿದ್ದೀಯಾ?" ಎಂದರು ಡಾಕ್ಟರಮ್ಮ. "ನೀನು ಒಂದೇ ಕೋಣೇಲಿರು. ಅಕ್ಕನ ಕಡೆ ಗಾಳಿ ಹೋಗದ ಹಾಗೆ ನೋಡ್ಕೋ. ಇಬ್ಬರೂ ಒಳ್ಳೆ ಮಾಸ್ಕು ಹಾಕ್ಕೊಳ್ಳಿ. ನಿನ್ನದು ಹೊರಗೆ ಬಿಡೋದನ್ನ ತಡೆಯುತ್ತೆ, ಅವರದು ಒಳಗೆ ಎಳೆಯೋದನ್ನ. ಮೂಗಿನ ಪಕ್ಕ ಸಂದು ಬಿಡಬೇಡ. ಸಂದು ಬಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆಗೆದಿಟ್ಟ ಹಾಗೆ."

ಅವತ್ತೇ ಮಧ್ಯಾಹ್ನದೊಳಗೆ ಅವನು ಒಳಕೋಣೆಯ ಕಿಟಕಿಗೆ ಗಾಳಿ ಹೊರದಬ್ಬುವ ಫ್ಯಾನು ಕೂರಿಸಿದ. ಬಾಗಿಲ ಕೆಳಗೆ ಒಂದು ಬೆರಳು ಸಂದು ಮಾತ್ರ ಬಿಟ್ಟ. ಒಂದು ತುಂಡು ಗೋಣಿದಾರಕ್ಕೆ ಬೆಂಕಿ ತಾಗಿಸಿ, ಆರಿಸಿ, ಹೊಗೆ ಏಳುತ್ತಿದ್ದ ದಾರವನ್ನು ಆ ಸಂದಿನ ಬಳಿ ಹಿಡಿದು ನೆಲದ ಮೇಲೆ ಕೆನ್ನೆಯಿಟ್ಟು ನೋಡಿದ. ಹೊಗೆ ಅಕ್ಕನ ಕಡೆ ಹೋಗದೆ ಬಾಗಿ ಅವನ ಕಡೆಗೇ ಬಂತು. ಐದು ಸಲ ನೋಡಿದ. ಐದು ಸಲವೂ ಅವನ ಕಡೆಗೇ ಬಂತು. ಗಾಳಿ ಅಕ್ಕನಿಂದ ಅವನ ಕಡೆಗೆ, ಅವನಿಂದ ಕಿಟಕಿಯಾಚೆಗೆ. ಸ್ವಲ್ಪ ಸಮಾಧಾನವಾಯಿತು. ಆದರೆ ಕಳೆದ ಮೂರು ದಿನದ ಗಾಳಿಯನ್ನು ಯಾವ ಫ್ಯಾನು ಹೊರಗೆ ದಬ್ಬೀತು? ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗಾಯಿತೇನೋ ಎಂದು ಹೆದರಿದ.

"ನನಗೇ ಇರೋ ಉಸಿರು ಸಾಲದು, ಅದಕ್ಕೆ ಬಟ್ಟೆ ಬೇರೆ ಕಟ್ತೀಯಾ?" ಎಂದು ಅಕ್ಕ ಗೋಡೆಯಾಚೆಯಿಂದ ಜಗಳ ತೆಗೆದಳು.

"ಅಕ್ಕ, ಗಿರಣೀಲಿ ಕಟ್ಟಿಕೊಂಡಿದ್ದರೆ ಇವತ್ತು ಪಂಪು ಬೇಕಾಗ್ತಿತ್ತಾ?"

ಅನ್ನಬಾರದ ಮಾತು ಅಂದೆನೇ ಎಂದು ಅವನು ನಾಲಿಗೆ ಕಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಅಕ್ಕ, "ಕಟ್ಟಿಕೊಂಡೆ ಕಣೋ. ಕನ್ನಡಕಕ್ಕೆಲ್ಲ ಮಂಜು ಕವಿದು ಏನೂ ಕಾಣಲ್ಲ. ಸಾರಿಗೆ ಉಪ್ಪು ಹಾಕಿದೆನೋ ಸಕ್ಕರೆ ಹಾಕಿದೆನೋ ತಿಳೀತಿಲ್ಲ" ಎಂದಳು. ಮೂಗಿನ ಮೇಲಿನ ತಂತಿಯನ್ನು ಒತ್ತಿ ಹಿಡಿ, ಮಂಜು ಬಂದರೆ ಸಂದು ಇದೆ ಅಂತ ಅರ್ಥ ಎಂದು ಅವನು ಹೇಳಿಕೊಟ್ಟ.

ಮರುದಿನ ಅವನ ಮೈ ಕಾದ ಕಾವಲಿಯಂತಾಯಿತು. ಮೂಳೆ ಮೂಳೆಯಲ್ಲೂ ನೋವು. ಅಕ್ಕ ಗಂಜಿಯ ಪಾತ್ರೆಯನ್ನು ಬಾಗಿಲ ಮುಂದಿಟ್ಟು, ದೂರ ಹೋಗಿ ಕೂಗುತ್ತಿದ್ದಳು. ಅವಳು ಅಡುಗೆಮನೆ ಸೇರಿದ ಸದ್ದು ಕೇಳಿದ ಮೇಲೆಯೇ ಅವನು ಬಾಗಿಲು ತೆಗೆಯುತ್ತಿದ್ದ. ತನ್ನ ಜ್ವರಕ್ಕಿಂತ ಅವನಿಗೆ ಅವಳ ಕೆಮ್ಮಿನದೇ ಚಿಂತೆ. ಕಿವಿಯನ್ನು ಬಾಗಿಲಿಗೆ ಹಚ್ಚಿ ಮಲಗುತ್ತಿದ್ದ. ಬೆಳಿಗ್ಗೆ ಎಷ್ಟು ಸಲ, ಮಧ್ಯಾಹ್ನ ಎಷ್ಟು ಸಲ ಎಂದು ಎಣಿಸುತ್ತಿದ್ದ. ಸದ್ದು ಬಂದರೆ ಜೀವ ಬಾಯಿಗೆ ಬರುತ್ತಿತ್ತು. ಬರದೆ ಹತ್ತು ನಿಮಿಷವಾದರೆ ಇನ್ನೂ ಹೆದರಿಕೆ, "ಅಕ್ಕ, ಇದ್ದೀಯಾ?" ಎಂದು ಕೂಗುತ್ತಿದ್ದ.

"ಎಲ್ಲಿಗೆ ಹೋಗ್ತೀನೋ, ನಿನ್ನನ್ನ ಕಟ್ಟಿಕೊಂಡು."

ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕದ ಮಟ್ಟ ನೋಡುವ ಮೀಟರೊಂದನ್ನು ಡಾಕ್ಟರಮ್ಮ ಕಳಿಸಿದ್ದರು. ಅಕ್ಕನದು ಮಾಮೂಲಿಗೇ ತೊಂಬತ್ತೆರಡು. ದಿನಕ್ಕೆ ಮೂರು ಸಲ ಅವಳು ಅಂಕಿಯನ್ನು ಕೂಗಿ ಹೇಳಬೇಕು. ಬಾಗಿಲು ಹಾಕಿಕೊಂಡ ಏಳನೆಯ ದಿನ ಬೆಳಿಗ್ಗೆ ಅವಳು ಕೂಗಿದಳು: "ಎಂಬತ್ತಾರು."

"ಇನ್ನೊಂದು ಸಲ ನೋಡು."

"ಎಂಬತ್ತೈದು ಅನ್ನುತ್ತೆ."

ಅವನು ಬಾಗಿಲ ಚಿಲಕಕ್ಕೆ ಕೈ ಹಾಕಿದ. ತೆಗೆದು ಓಡಿಹೋದರೆ ತನ್ನ ಉಸಿರೇ ಅವಳಿಗೆ ವಿಷ. ತೆಗೆಯದಿದ್ದರೆ ಆಚೆ ಅವಳು ಕುಸಿದು ಬಿದ್ದರೂ ನೋಡುವವರಿಲ್ಲ. ನಾಲ್ಕು ವರ್ಷದ ಕೂಸಾಗಿದ್ದಾಗ ತನ್ನನ್ನು ಸೊಂಟದ ಮೇಲೆ ಹೊತ್ತು ಗಿರಣಿಗೆ ಹೋದವಳು. ಚಿಲಕ ಹಿಡಿದೇ ಇನ್ನೊಂದು ಕೈಯಲ್ಲಿ ಡಾಕ್ಟರಮ್ಮನಿಗೆ ಫೋನು ಹಚ್ಚಿದ.

"ಈಗ ತಾನೆ ಏನು ಮಾಡ್ತಿದ್ದರು ಕೇಳು" ಎಂದರು ಅವರು.

ಅಕ್ಕ ತಣ್ಣೀರಿನಲ್ಲಿ ಬಟ್ಟೆ ಒಗೆದು ಬಂದಿದ್ದಳು. ಬೆರಳು ಮಂಜುಗಡ್ಡೆಯಾಗಿತ್ತು. ಬಿಸಿನೀರಿನಲ್ಲಿ ಕೈ ಅದ್ದಿ, ಒರೆಸಿ, ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ, ಆಗಲೂ ಇಷ್ಟೇ ಇದ್ದರೆ ಆಂಬುಲೆನ್ಸು ಕಳಿಸುತ್ತೇನೆ ಎಂದರು ಡಾಕ್ಟರಮ್ಮ. ಆ ಐದು ನಿಮಿಷ ಗಾಳಿಯಣ್ಣ ಬಾಗಿಲಿಗೆ ಹಣೆ ಒತ್ತಿ ನಿಂತೇ ಇದ್ದ.

"ತೊಂಬತ್ತೆರಡು" ಎಂದಳು ಅಕ್ಕ. "ಬಟ್ಟೆ ಒಗೆಯೋದೂ ತಪ್ಪಾ ಈಗ?"

ಅವನು ನೆಲಕ್ಕೆ ಕುಸಿದು ಕೂತು ಮುಖ ಮುಚ್ಚಿಕೊಂಡು ಅತ್ತ. ಸದ್ದು ಆಚೆ ಹೋಗದ ಹಾಗೆ ಅತ್ತ.

ಅಕ್ಕನಿಗೆ ರೋಗ ಹತ್ತಲೇ ಇಲ್ಲ. ಹದಿನಾಲ್ಕು ದಿನ ಕಳೆದವು, ಪರೀಕ್ಷೆಯೂ ಆಯಿತು, ಇಲ್ಲ ಎಂದೇ ಬಂತು. ಜ್ವರ ಬರುವ ಎರಡು ದಿನ ಮುಂಚಿನಿಂದಲೇ ರೋಗ ಇನ್ನೊಬ್ಬರಿಗೆ ಹರಡಬಹುದು, ನೀನು ಬಾಗಿಲು ಹಾಕಿಕೊಂಡದ್ದು ಜ್ವರದ ಹಿಂದಿನ ದಿನ, ಸೆಕೆಗೆಂದು ಮನೆಯ ಕಿಟಕಿಗಳೆಲ್ಲ ತೆರೆದಿದ್ದವು, ಉಳಿದದ್ದು ಅದೃಷ್ಟ ಎಂದರು ಡಾಕ್ಟರಮ್ಮ.

ದೊಡ್ಡಮ್ಮನಿಗೆ ಆ ಅದೃಷ್ಟ ಇರಲಿಲ್ಲ. ಜ್ವರ ಹಿಡಿದ ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಸುದ್ದಿ ಹೇಳಿದ ಕಾವಲುಗಾರನ ಮಾತು ಮುಗಿಯುವ ಮೊದಲೇ ಗಾಳಿಯಣ್ಣ ಫೋನು ಕೆಳಗಿಟ್ಟ. ಅವನ ಕಣ್ಣ ಮುಂದೆ ಹನ್ನೆರಡು ಸ್ಕ್ರೂ ಸಾಲಾಗಿ ನಿಂತಿದ್ದವು.

ಕಾಲಿಗೆ ಶಕ್ತಿ ಬಂದ ದಿನವೇ ಅವನು ಆ ಆಫೀಸಿಗೆ ಹೋದ. ಕೋಣೆ ಖಾಲಿ ಇತ್ತು, ಸೋಮವಾರದಿಂದ ಮತ್ತೆ ಶುರುವೆಂದು ತಯಾರಿ ನಡೆದಿತ್ತು. ಮ್ಯಾನೇಜರು ಮೇಜುಗಳನ್ನು ತೋರಿಸಿದರು.

"ಮೂರು ಸಲ ಒರೆಸಿದ್ದೀವಿ. ಕುರ್ಚಿ ಕಾಲನ್ನೂ ಬಿಟ್ಟಿಲ್ಲ."

"ಸಾರ್, ಒಂದು ಹತ್ತು ನಿಮಿಷ ಏಸಿ ಹಾಕ್ತೀನಿ. ನೀವು ದೊಡ್ಡಮ್ಮನ ಕೋಣೇಲಿ ಬಾಗಿಲು ಹಾಕ್ಕೊಂಡು ಕೂತ್ಕೋತೀರಾ?"

ಮ್ಯಾನೇಜರಿಗೆ ಇಷ್ಟವಿರಲಿಲ್ಲ, ಆದರೂ ಹೋಗಿ ಕೂತರು. ಗಾಳಿಯಣ್ಣ ರೇಡಿಯೋನ ಕುರ್ಚಿಯಲ್ಲಿ ಕೂತು ಗೋಣಿದಾರಕ್ಕೆ ಬೆಂಕಿ ಮುಟ್ಟಿಸಿ ಆರಿಸಿದ. ಹೊಗೆಯ ತೆಳು ಎಳೆ ತಲೆಯ ಮಟ್ಟಕ್ಕೆ ಎದ್ದು, ಮುರಿದು, ಎರಡನೇ ಸಾಲಿನ ಮೇಲೆ ಹರಡಿತು. ಆಮೇಲೆ ಅದು ಕಣ್ಣಿಗೆ ಕಾಣಲಿಲ್ಲ. ಅವನು ಗಾಜಿನ ಕೋಣೆಯ ಬಳಿಗೆ ನಡೆದು ಹೋದ.

"ನನಗೆ ಜ್ವರ ಬಂದಾಗಿನಿಂದ ವಾಸನೆ ಗೊತ್ತಾಗಲ್ಲ ಸಾರ್. ನೀವೇ ಹೇಳಬೇಕು. ಏನಾದರೂ ಬರ್ತಿದೆಯಾ?"

ಮ್ಯಾನೇಜರು ಗಾಜಿನಾಚೆಯಿಂದ ಅವನನ್ನೇ ನೋಡಿದರು. ಮಾಸ್ಕನ್ನು ಒಮ್ಮೆ ಸರಿಸಿ ಮೂಸಿ ನೋಡಿ, ಥಟ್ಟನೆ ಮೂಗಿಗೇರಿಸಿಕೊಂಡರು. ಅವರ ಕಣ್ಣಲ್ಲಿ ಭಯ ಕಂಡಿತು.

"ಬರ್ತಿದೆ. ಸುಟ್ಟ ವಾಸನೆ. ಚೆನ್ನಾಗಿ ಬರ್ತಿದೆ."

"ಹೊರಗಿನ ಗಾಳಿ ಬರೋ ಕಂಡಿಗೆ ತಗಡು ಹೊಡೆದವನು ನಾನು ಸಾರ್."

ಅವರು ಹೊರಗೆ ಬಂದು ಬಾಗಿಲಲ್ಲೇ ನಿಂತರು. "ಹೊಡಿ ಅಂದವರು ದೊಡ್ಡಮ್ಮ. ಸರಿ ಅಂತ ಸಹಿ ಹಾಕಿದವನು ನಾನು. ಯಾರಿಗೆ ಗೊತ್ತಿತ್ತು?" ಎಂದರು. ಅವರ ದನಿ ತಗ್ಗಿತ್ತು.

ಅವತ್ತೇ ತಗಡು ಬಿಚ್ಚಿದ. ಅಂಟು ಗಟ್ಟಿ ಹಿಡಿದುಕೊಂಡಿತ್ತು, ಉಳಿ ಹಾಕಿ ಕೀಳಬೇಕಾಯಿತು. ವಾರದೊಳಗೆ ಜನರೇಟರಿನ ಹೊಗೆಕೊಳವೆಯನ್ನು ತಾರಸಿಯವರೆಗೆ ಏರಿಸಿದರು. ನಾಲ್ಕು ಕಡೆ ಗಾಜು ಕತ್ತರಿಸಿ ತೆರೆಯುವ ಕಿಟಕಿ ಮಾಡಿದರು. ಬಟ್ಟೆಯ ಹಿಂದಿನ ಮಾತು ಆಚೆಯವರಿಗೆ ತಿಳಿಯಲೆಂದು ಬೇರೆ ಮೈಕು ತರಿಸಿದರು. ಗಾಜಿನ ಕೋಣೆಯನ್ನು ತೆಗೆದೇಬಿಟ್ಟರು.

ಮೂರು ತಿಂಗಳಾದ ಮೇಲೆ ಫಿಲ್ಟರು ನೋಡಲು ಹೋದಾಗ ರೇಡಿಯೋ ಮೆಟ್ಟಿಲಿನ ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಸೊರಗಿಹೋಗಿದ್ದ. ದನಿ ಎದುರಿಗಿದ್ದವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ. ರೋಗ ದನಿಯನ್ನು ತಿಂದಿತೋ, ಇವನೇ ಜೋರಾಗಿ ಮಾತಾಡಲು ಹೆದರಿಕೊಂಡನೋ ತಿಳಿಯದು.

"ಅಣ್ಣ, ಒಂದು ಕೇಳ್ತೀನಿ, ನಿಜ ಹೇಳು. ದೊಡ್ಡಮ್ಮಂಗೆ ನನ್ನಿಂದಲೇ ಬಂತಾ?"

ಗಾಳಿಯಣ್ಣನಿಗೆ ಸುಳ್ಳು ಹೇಳಬೇಕೆನಿಸಿತು. ಬಾಯಿಗೆ ಬರಲಿಲ್ಲ.

"ಇರಬಹುದಪ್ಪ. ನಿನಗೂ ಯಾರಿಂದಲೋ ಬಂತಲ್ಲ. ನಿನ್ನ ಬಾಯಿಂದ ಹೊರಟದ್ದನ್ನ ಹೊರಗೆ ಬಿಡದೆ ಹಿಡಿದಿಟ್ಟದ್ದು ನನ್ನ ತಗಡು. ನಾನು ದಿನಾ ಅದನ್ನೇ ಯೋಚನೆ ಮಾಡ್ತೀನಿ."

ರೇಡಿಯೋ ಕಿಟಕಿಯಾಚೆ ನೋಡಿದ. ಕೆಳಗಿನ ರಸ್ತೆಯಿಂದ ಗಾಳಿ ಬರುತ್ತಿತ್ತು. ಆಮೇಲೆ, "ಜಾಸ್ತಿ ಕೆಮ್ಮಿದ್ದೆನಾ ಅವತ್ತು?" ಎಂದು ಕೇಳಿದ.

"ಧೂಳು ಅಂದುಕೊಂಡಿದ್ದೆ ನಾನೂ."

ಇಬ್ಬರೂ ಮಾಸ್ಕು ತೊಟ್ಟೇ ಮೆಟ್ಟಿಲ ಮೇಲೆ ಕೂತರು, ನಡುವೆ ಒಂದು ಮೆಟ್ಟಿಲು ಬಿಟ್ಟು. ಟೀ ತಂದವನಿಗೆ ಗಾಳಿಯಣ್ಣ ಲೋಟಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಡಲು ಹೇಳಿದ. ಮೊದಲು ರೇಡಿಯೋ ಆ ಕಡೆ ತಿರುಗಿ ಕುಡಿದ, ಅವನು ಮಾಸ್ಕು ಏರಿಸಿಕೊಂಡ ಮೇಲೆ ಗಾಳಿಯಣ್ಣ ಕುಡಿದ.